ಪ್ರೊಸೆಸರ್ ಬಸ್ ಸ್ಪೀಡ್ ಜಾಸ್ತಿ ಇದ್ರೆ ಕಂಪ್ಯೂಟರ್ ನಿಜವಾಗ್ಲೂ ಫಾಸ್ಟ್ ಆಗತ್ತಾ?

ಹೊಸಗಣಕ:

ನಮಸ್ಕಾರ ಎಲ್ಲರಿಗೂ. ಒಂದು ಡೌಟು ತಲೆ ತಿಂತಾ ಇದೆ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಈಗ ನಾನು ಕೆಲಸ ಮಾಡ್ತಾ ಇರೋದು ಇಂಟೆಲ್ ಐ5-3470 ಇರೋ ಡೆಸ್ಕ್‌ಟಾಪಲ್ಲಿ. ಅದನ್ನ ಬಿಟ್ಟು ಐ5-8250ಯು ಇರೋ ಲ್ಯಾಪ್‌ಟಾಪ್ ತಗೊಳ್ಳೋಣ ಅಂತ ಇದೀನಿ, ಪರಿಚಯದವರೊಬ್ರು ಕೊಡ್ತೀನಿ ಅಂದಿದಾರೆ. ಎರಡರ ಸ್ಪೆಕ್ ಪೇಜೂ ಪಕ್ಕಪಕ್ಕ ತೆಗೆದಿಟ್ಕೊಂಡು ನೋಡ್ದೆ. ಬಸ್ ಸ್ಪೀಡ್ (ಪ್ರೊಸೆಸರಿಂದ ಬೇರೆ ಭಾಗಗಳಿಗೆ ಡೇಟಾ ಓಡಾಡೋ ದಾರಿಯ ಸ್ಪೀಡ್) ಅನ್ನೋ ಸಾಲಲ್ಲಿ ಹಳೇದಕ್ಕೆ 5 ಜಿಟಿ (ಗಿಗಾಟ್ರಾನ್ಸ್‌ಫರ್) ಪರ್ ಸೆಕೆಂಡ್ ಅಂತಿದೆ, ಅದಾಗಿ ಐದು ವರ್ಷಕ್ಕೆ ಬಂದಿರೋ ಹೊಸದಕ್ಕೆ 4 ಜಿಟಿ. ಹೊಸದಕ್ಕೆ ಯಾಕೆ ಕಮ್ಮಿ?

ಅಷ್ಟಕ್ಕೇ ನಿಂತಿದ್ರೆ ಪರ್ವಾಗಿರ್ಲಿಲ್ಲ, ಸಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿದ್ರೆ ನನ್ನ ಡೆಸ್ಕ್‌ಟಾಪಿನ ಬಸ್ ಸ್ಪೀಡ್ 99.8 ಮೆಗಾಹರ್ಟ್ಸ್ ಅಂತ ತೋರ್ಸತ್ತೆ, ಆದ್ರೆ ಅಟ್ಟದ ಮೇಲೆ ಇಟ್ಟಿರೋ ಕೋರ್ 2 ಡ್ಯುಯೋ ಇ8400ರ ಡಬ್ಬದ ಮೇಲೆ 1333 ಮೆಗಾಹರ್ಟ್ಸ್ ಎಫ್‌ಎಸ್‌ಬಿ (ಫ್ರಂಟ್ ಸೈಡ್ ಬಸ್) ಅಂತ ಅಚ್ಚಾಗಿದೆ. 1333 ಇದ್ದಿದ್ದು 100ಕ್ಕೆ ಇಳೀತಾ? ಎಫ್‌ಎಸ್‌ಬಿ ಜಾಸ್ತಿ ಇದ್ದಷ್ಟೂ ಮಷೀನ್ ಫಾಸ್ಟು ಅಂತ ಆಗ ಎಲ್ರೂ ಹೇಳ್ತಿದ್ರು. ಅದು ಈಗ್ಲೂ ನಿಜಾನಾ, ಕೊಳ್ಳೋವಾಗ ಈ ನಂಬರ್ ನೋಡ್ಬೇಕಾ ಬೇಡ್ವಾ?

ನನ್ನ ಕೆಲಸ ಅಂದ್ರೆ ಕ್ಯಾಮೆರಾದ ರಾ ಫೋಟೋಗಳನ್ನ ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಮಾಡೋದು, ದೊಡ್ಡ ಎಕ್ಸೆಲ್ ಶೀಟುಗಳು, ಬ್ರೌಸರಲ್ಲಿ ಯಾವಾಗ್ಲೂ ಹತ್ತಿಪ್ಪತ್ತು ಟ್ಯಾಬು, ಸಂಜೆ ಒಂದೊಂದ್ಸಲ ಗೇಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿಂದೇ.

ಹಳೇಬೋರ್ಡು:

ನೀವು ನೋಡಿರೋ ಮೂರು ನಂಬರೂ ಮೂರು ಬೇರೆ ವಸ್ತುಗಳದ್ದು, ಒಂದಕ್ಕೊಂದು ಹೋಲಿಸೋಕೇ ಬರಲ್ಲ. ಒಂದೊಂದಾಗಿ ಹೇಳ್ತೀನಿ.

ಇ8400 ಕಾಲದಲ್ಲಿ ಮೆಮೊರಿ ಜೊತೆ ಕೊಡುಕೊಳ್ಳೋದು ನೋಡ್ಕೊಳ್ಳೋ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೆ ಇರ್ಲಿಲ್ಲ, ಮದರ್‌ಬೋರ್ಡ್ ಮೇಲೆ ನಾರ್ತ್‌ಬ್ರಿಡ್ಜ್ ಅಂತ ಒಂದು ಚಿಪ್ ಇರ್ತಿತ್ತು, ಅದರೊಳಗೆ. ಪ್ರೊಸೆಸರಿಗೆ ಏನೇ ಬೇಕಿದ್ರೂ, ಮೆಮೊರಿ ಇರ್ಲಿ ಗ್ರಾಫಿಕ್ಸ್ ಕಾರ್ಡ್ ಇರ್ಲಿ ಡಿಸ್ಕ್ ಇರ್ಲಿ, ಎಲ್ಲಾನೂ ಎಫ್‌ಎಸ್‌ಬಿ ಅನ್ನೋ ಒಂದೇ ದಾರೀಲಿ ನಾರ್ತ್‌ಬ್ರಿಡ್ಜಿಗೆ ಹೋಗಿ ಬರ್ಬೇಕಿತ್ತು. ಆ 1333 ಕೂಡ ಅಸಲಿ ಕ್ಲಾಕ್ ಅಲ್ಲ, ಕ್ಲಾಕ್ ಇರೋದು 333 ಮೆಗಾಹರ್ಟ್ಸ್, ಒಂದೊಂದು ಸೈಕಲ್‌ಗೆ ನಾಲ್ಕು ಸಲ ಡೇಟಾ ಕಳಿಸತ್ತೆ, ಅದಕ್ಕೆ 1333. ಬಸ್ಸಿನ ಅಗಲ 64 ಬಿಟ್, ಅಂದ್ರೆ 8 ಬೈಟ್. 1333ನ 8ರಿಂದ ಗುಣಿಸಿದ್ರೆ ಸೆಕೆಂಡಿಗೆ ಸುಮಾರು 10.6 ಜಿಬಿ, ಇ8400ಗೆ ಹೊರಗಿನ ಪ್ರಪಂಚದ ಜೊತೆ ಇದ್ದ ಒಟ್ಟು ವ್ಯವಹಾರ ಅಷ್ಟೇ. ಡಿಡಿಆರ್2-800 ಮೆಮೊರಿ ಎರಡು ಚಾನೆಲಲ್ಲಿ (ಮೆಮೊರಿಗೆ ಹೋಗೋ ಪಕ್ಕಪಕ್ಕದ ಎರಡು ದಾರೀಲಿ) ಹಾಕಿದ್ರೆ ಅದೇ 12.8 ಜಿಬಿ ಕೊಡೋ ತಾಕತ್ತು ಇಟ್ಕೊಂಡಿರ್ತಿತ್ತು, ಆದ್ರೆ ಮಧ್ಯದಲ್ಲಿ ಎಫ್‌ಎಸ್‌ಬಿ ಅಡ್ಡ ಇತ್ತಲ್ಲ, ಪೂರ್ತಿ ಪ್ರೊಸೆಸರಿಗೆ ಸಿಗ್ತಿರ್ಲಿಲ್ಲ. ಹಾಗಾಗಿ ಆಗಿನವರು ಎಫ್‌ಎಸ್‌ಬಿ ಬಗ್ಗೆ ತಲೆ ಕೆಡಿಸ್ಕೊಂಡಿದ್ದು ಸರಿಯಾಗೇ ಇತ್ತು.

ಎಎಮ್‌ಡಿಯವರು 2003ರಲ್ಲಿ ಅಥ್ಲಾನ್ 64 ಜೊತೆ ಮೆಮೊರಿ ಕಂಟ್ರೋಲರನ್ನ ಪ್ರೊಸೆಸರ್ ಒಳಗೇ ತಂದುಬಿಟ್ರು, ಇಂಟೆಲ್ 2008ರ ಕೋರ್ ಐ7 ಇಂದ ಅದೇ ದಾರಿ ಹಿಡೀತು. ಅಲ್ಲಿಗೆ ಎಫ್‌ಎಸ್‌ಬಿ ಕಥೆ ಮುಗೀತು. ಈಗ ಆ 1333ರ ಜಾಗದಲ್ಲಿ ನೀವು ನೋಡ್ಬೇಕಾಗಿರೋದು ಮೆಮೊರಿ ಸ್ಪೀಡ್ ಮತ್ತೆ ಚಾನೆಲ್ ಎಷ್ಟು ಅನ್ನೋದು. ನಿಮ್ಮ 3470ಗೆ ಡಿಡಿಆರ್3-1600 ಎರಡು ಚಾನೆಲ್ ಅಂದ್ರೆ 25.6 ಜಿಬಿ, 8250ಯುಗೆ ಡಿಡಿಆರ್4-2400 ಎರಡು ಚಾನೆಲ್ ಅಂದ್ರೆ 38.4 ಜಿಬಿ. ಇಳಿದಿಲ್ಲ, ಏರಿದೆ.

ಸಿಪಿಯು-ಝಡ್ ತೋರ್ಸೋ 99.8 ಅನ್ನೋದು ಬೇಸ್ ಕ್ಲಾಕ್. ಅದರಲ್ಲಿ ಡೇಟಾ ಏನೂ ಹರಿಯಲ್ಲ, ಎಲ್ಲರೂ ತಾಳ ನೋಡ್ಕೊಳ್ಳೋ ಕ್ಲಾಕ್ ಅದು, 100ನ 32ರಿಂದ ಗುಣಿಸಿದ್ರೆ ನಿಮ್ಮ 3.2 ಗಿಗಾಹರ್ಟ್ಸ್ ಬಂತು. ಎರಡೂ ಮಷೀನಲ್ಲಿ 100 ಸುತ್ತಮುತ್ತಲೇ ಇರತ್ತೆ. ಅದನ್ನ ಏರಿಸಿ ನೋಡೋಣ ಅಂತ ಹೋಗ್ಬೇಡಿ, 2011ರ ಸ್ಯಾಂಡಿ ಬ್ರಿಡ್ಜಿಂದ ನಿಮ್ಮ ಪೀಳಿಗೆವರೆಗೆ ಕಾರ್ಡುಗಳಿಗೆ ಹೋಗೋ ಪಿಸಿಐ ಎಕ್ಸ್‌ಪ್ರೆಸ್, ಡಿಸ್ಕಿಗೆ ಹೋಗೋ ಸಾಟಾ ಎಲ್ಲದರ ಕ್ಲಾಕೂ ಅದಕ್ಕೇ ಕಟ್ಟಿ ಹಾಕಿದಾರೆ, ನಾಲ್ಕೈದು ಮೆಗಾಹರ್ಟ್ಸ್ ಏರಿಸೋ ಹೊತ್ತಿಗೆ ಡಿಸ್ಕ್ ಎರರ್ ಬರೋಕೆ ಶುರು.

ಇನ್ನು ಆ 5 ಜಿಟಿ. ಅದು ಪ್ರೊಸೆಸರಿಂದ ಮದರ್‌ಬೋರ್ಡ್ ಮೇಲಿನ ಚಿಪ್‌ಸೆಟ್ ಅನ್ನೋ ಚಿಪ್ಪಿಗೆ ಹೋಗೋ ಡಿಎಮ್‌ಐ ಲಿಂಕು, ಅದರ ಮೇಲೆ ಹೋಗೋದು ಯುಎಸ್‌ಬಿ, ಸಾಟಾ ಡಿಸ್ಕು, ನೆಟ್‌ವರ್ಕು ಇಂಥವು. ನಾಲ್ಕು ಲೇನು (ಪಕ್ಕಪಕ್ಕದ ದಾರಿ), ಕಳಿಸೋ ಪ್ರತಿ 10 ಬಿಟ್ಟಲ್ಲಿ 8 ಮಾತ್ರ ನಿಜವಾದ ಡೇಟಾ, ಲೆಕ್ಕ ಹಾಕಿದ್ರೆ ಒಂದು ದಿಕ್ಕಿಗೆ ಸೆಕೆಂಡಿಗೆ 2 ಜಿಬಿ. ಸಾಟಾ ಎಸ್‌ಎಸ್‌ಡಿ ಎಷ್ಟೇ ಒದ್ದಾಡಿದ್ರೂ 550 ಎಮ್‌ಬಿ ಆಸುಪಾಸು ನಿಲ್ಲತ್ತೆ, ಹಾಗಾಗಿ ಲಿಂಕ್ ಖಾಲಿನೇ ಇರತ್ತೆ. ಲ್ಯಾಪ್‌ಟಾಪಿನ 8250ಯುನಲ್ಲಿ ಚಿಪ್‌ಸೆಟ್ ಪ್ರೊಸೆಸರ್ ಪ್ಯಾಕೇಜ್ ಒಳಗೇ ಕೂತಿದೆ, ಅಲ್ಲಿರೋದು ಬೇರೆ ಥರದ ಲಿಂಕು. ಜಿಟಿ ಅನ್ನೋದು ಒಂದು ಲೇನಲ್ಲಿ ಸೆಕೆಂಡಿಗೆ ಎಷ್ಟು ಸಲ ಸಿಗ್ನಲ್ ಹೋಗತ್ತೆ ಅಂತ ಮಾತ್ರ ಹೇಳತ್ತೆ, ಲೇನ್ ಎಷ್ಟು ಅಂತ ಹೇಳಲ್ಲ, ಅದಕ್ಕೆ 5 ದೊಡ್ಡದು 4 ಚಿಕ್ಕದು ಅನ್ನೋ ಹೋಲಿಕೆ ಇಲ್ಲಿ ನಡೆಯಲ್ಲ. ಆ ಸಾಲನ್ನ ಮರೆತುಬಿಡಿ.

ಕ್ಯಾಶ್‌ಮಿಸ್:

ಹಳೇಬೋರ್ಡು ಅವರು ಹೇಳಿದ್ದು ಸರಿ ಉಂಟು, ಆದ್ರೆ ಬಸ್ ಏರಿದ್ರೆ ಮಷೀನ್ ಫಾಸ್ಟ್ ಆಗ್ತದೆ ಅನ್ನುವ ನಂಬಿಕೆ ಎಲ್ಲಿಂದ ಬಂತು ಅಂತ ಹೇಳದಿದ್ರೆ ಅದು ತಲೆಯಿಂದ ಹೋಗುವುದಿಲ್ಲ ಮಾರಾಯ್ರೇ. ಜನ ಅದನ್ನ ಕಣ್ಣಾರೆ ನೋಡಿದ್ರು.

1998ರ ಸೆಲೆರಾನ್ 300ಎ ಅಂತ ಒಂದು ಪ್ರೊಸೆಸರ್. ಬಸ್ 66 ಮೆಗಾಹರ್ಟ್ಸ್, ಬಸ್ಸಿನ ಕ್ಲಾಕನ್ನು ಗುಣಿಸಿ ಪ್ರೊಸೆಸರಿನ ಕ್ಲಾಕ್ ಮಾಡುವ ಮಲ್ಟಿಪ್ಲೈಯರ್ 4.5ಕ್ಕೆ ಲಾಕ್, ಹಾಗಾಗಿ 300. ಬೋರ್ಡಿನಲ್ಲಿ ಬಸ್ಸನ್ನು 100ಕ್ಕೆ ಇಟ್ಟ ಕೂಡಲೇ ಮಷೀನ್ ಹಾರುತ್ತಿತ್ತು, ಅದನ್ನ ನೋಡಿದವರೆಲ್ಲ ಬಸ್ಸಿನ ಮಹಿಮೆ ಅಂತ ಹೇಳಿದ್ರು. ಆದ್ರೆ ಮಲ್ಟಿಪ್ಲೈಯರ್ ಲಾಕ್ ಆಗಿತ್ತಲ್ಲ, ಬಸ್ 100 ಆದಾಗ ಪ್ರೊಸೆಸರ್ ತಾನೂ 450 ಮೆಗಾಹರ್ಟ್ಸ್ ಆಗಿತ್ತು. ಒಂದೂವರೆ ಪಟ್ಟು ಕ್ಲಾಕ್ ಏರಿದ್ರೆ ಯಾವುದು ಓಡುವುದಿಲ್ಲ ಹೇಳಿ. ಅದಕ್ಕೇ ನಾನು ಹೇಳುವುದು, ಬಸ್ ಸ್ಪೀಡ್ ಒಂಟಿಯಾಗಿ ಏರುವುದು ಕಮ್ಮಿ, ಹೆಚ್ಚಾಗಿ ಅದರ ಜೊತೆ ಕ್ಲಾಕೋ ಕ್ಯಾಶೋ (ಪ್ರೊಸೆಸರಿಗೆ ಹತ್ತಿರದ ಚಿಕ್ಕ, ಫಾಸ್ಟ್ ಮೆಮೊರಿ) ಏರಿರ್ತದೆ, ಹೆಸರು ಮಾತ್ರ ಬಸ್ಸಿಗೆ ಬರ್ತದೆ.

ಅದೇ ವರ್ಷದ್ದು ಇನ್ನೊಂದು ಉದಾಹರಣೆ. 300ಎಗಿಂತ ಸ್ವಲ್ಪ ಮೊದಲು ಬರೇ ಸೆಲೆರಾನ್ 300 ಅಂತ ಬಂದಿತ್ತು. ಎರಡೂ 300 ಮೆಗಾಹರ್ಟ್ಸ್, ಎರಡೂ 66ರ ಬಸ್. ಮೊದಲಿನದ್ದಕ್ಕೆ ಎಲ್2 (ಎರಡನೇ ಹಂತದ) ಕ್ಯಾಶ್ ಇರಲೇ ಇಲ್ಲ, 300ಎಗೆ 128 ಕೆಬಿ ಚಿಪ್ಪಿನೊಳಗೇ, ಪ್ರೊಸೆಸರಿನ ಪೂರ್ತಿ ಸ್ಪೀಡಿನಲ್ಲಿ. ಬಸ್ ಒಂದೇ ಆದ್ರೂ ಎರಡಕ್ಕೂ ಅಜಗಜಾಂತರ, ಕ್ಯಾಶ್ ಇಲ್ಲದ್ದು ಆಫೀಸ್ ಕೆಲಸಕ್ಕೂ ಎಳೆಯುತ್ತಿತ್ತು. ಬೇಕಾದ ಡೇಟಾ ಒಳಗೇ ಸಿಕ್ಕಿದ್ರೆ ಬಸ್ಸಿನ ತನಕ ಹೋಗುವ ಕೆಲಸವೇ ಇಲ್ಲ.

ಬಸ್ ಒಂದನ್ನೇ ಬೇರೆ ಮಾಡಿ ನೋಡುವ ಉಪಾಯ ಉಂಟು, ನನ್ನ ಕೋರ್ 2 ಡ್ಯುಯೋ ಇ4600ರಲ್ಲಿ ಮಾಡಿದ್ದೇನೆ. ಅದು ಮಾಮೂಲಾಗಿ 200 ಇಂಟು 12, ಅಂದ್ರೆ 2.4 ಗಿಗಾಹರ್ಟ್ಸ್, ಎಫ್‌ಎಸ್‌ಬಿ 800. ಮಲ್ಟಿಪ್ಲೈಯರ್ ಮೇಲೆ ಹೋಗುವುದಿಲ್ಲ, ಕೆಳಗೆ ಇಳಿಸಲಿಕ್ಕೆ ಬರ್ತದೆ. ಬಯಾಸಿನಲ್ಲಿ 266 ಇಂಟು 9 ಮಾಡಿದ್ರೆ ಪುನಃ 2.4 ಗಿಗಾಹರ್ಟ್ಸೇ, ಆದ್ರೆ ಎಫ್‌ಎಸ್‌ಬಿ ಈಗ 1066. ಮೆಮೊರಿಯನ್ನು ಎರಡೂ ಸಲ 800ರಲ್ಲೇ ನಿಲ್ಲಿಸಿದೆ. ಅಂದ್ರೆ ಕ್ಲಾಕ್ ಅದೇ, ಕ್ಯಾಶ್ ಅದೇ, ಮೆಮೊರಿ ಅದೇ, ಬಸ್ ಮಾತ್ರ ಮೂರನೇ ಒಂದು ಪಾಲು ಜಾಸ್ತಿ. ಸೆವೆನ್-ಝಿಪ್‌ನಲ್ಲಿ ದೊಡ್ಡ ಡಿಕ್ಷನರಿ (ಹಿಂದಿನ ಡೇಟಾ ನೆನಪಿಡುವ ಜಾಗ) ಇಟ್ಟು ಕಂಪ್ರೆಸ್ ಮಾಡುವಾಗ ಬೇಗ ಆದದ್ದು ಸ್ಪಷ್ಟ ಗೊತ್ತಾಯ್ತು. ಅದೇ ಫೈಲನ್ನು ಬಿಚ್ಚುವಾಗ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಬ್ರೌಸರ್, ಎಕ್ಸೆಲ್ ಇವುಗಳಲ್ಲಿ ಯಾವ ಸೆಟ್ಟಿಂಗಿನಲ್ಲಿ ಇದ್ದೇನೆ ಅಂತ ಹೇಳಲಿಕ್ಕೇ ಆಗಲಿಲ್ಲ. ಕಾರಣ ಕೇಳಿದ್ರೆ ಸುಲಭ, ಕಂಪ್ರೆಸ್ ಮಾಡುವಾಗ ಪ್ರೋಗ್ರಾಮ್ ಮೆಮೊರಿಯ ಮೂಲೆಮೂಲೆಗೆ ಹಾರಿ ಹಿಂದಿನ ಡೇಟಾ ಹುಡುಕ್ತದೆ, ಅಷ್ಟು ದೊಡ್ಡದು ಕ್ಯಾಶಿನಲ್ಲಿ ಹಿಡಿಯುವುದಿಲ್ಲ. ಬಿಚ್ಚುವಾಗ ಹೆಚ್ಚಿನದ್ದು ಲೆಕ್ಕದ ಕೆಲಸ, ಅದು ಪ್ರೊಸೆಸರಿನೊಳಗೇ ಮುಗೀತದೆ.

ಇನ್ನೊಂದು, ಸ್ಪೀಡ್ ಅಂದ್ರೆ ಎರಡು ಉಂಟು. ಬಾವಿಯಿಂದ ನೀರು ಸೇದುವಾಗ ಕೊಡ ದೊಡ್ಡದು ಮಾಡಬಹುದು, ಆದ್ರೆ ಹಗ್ಗದ ಉದ್ದ ಕಮ್ಮಿ ಆಗುವುದಿಲ್ಲ, ಮೊದಲ ಕೊಡ ಮೇಲೆ ಬರಲಿಕ್ಕೆ ಅಷ್ಟೇ ಹೊತ್ತು ಬೇಕು. ಡಿಡಿಆರ್3-1600, ಸಿಎಲ್ (ಡೇಟಾ ಬರುವ ತನಕ ಎಷ್ಟು ಸೈಕಲ್ ಕಾಯ್ಬೇಕು ಅನ್ನುವ ಲೆಕ್ಕ) 11 ಅಂತ ಇದ್ರೆ ಆ ಕಾಯುವ ಹೊತ್ತು 13.75 ನ್ಯಾನೋಸೆಕೆಂಡ್. ಡಿಡಿಆರ್4-3200, ಸಿಎಲ್ 22 ಲೆಕ್ಕ ಹಾಕಿ, ಅದೂ 13.75. ಬ್ಯಾಂಡ್‌ವಿಡ್ತ್, ಅಂದ್ರೆ ಕೊಡದ ಗಾತ್ರ, ಡಬಲ್ ಆಯ್ತು, ಕಾಯುವುದು ಒಂಚೂರೂ ಕಮ್ಮಿ ಆಗಲಿಲ್ಲ. ಕಂಟ್ರೋಲರ್, ದಾರಿ ಎಲ್ಲ ಸೇರಿ ಪ್ರೊಸೆಸರ್ ಮೆಮೊರಿಯಿಂದ ಒಂದು ತುಂಡು ತರಲಿಕ್ಕೆ 80 ನ್ಯಾನೋಸೆಕೆಂಡ್ ಆಯ್ತು ಅಂತ ಇಟ್ಕೊಳ್ಳಿ, 3 ಗಿಗಾಹರ್ಟ್ಸಿನಲ್ಲಿ ಅದು 240 ಸೈಕಲ್. ಎಲ್1 ಕ್ಯಾಶಿನಿಂದ ತರಲಿಕ್ಕೆ ನಾಲ್ಕೈದು ಸೈಕಲ್ ಸಾಕು. ಮೆಮೊರಿ ಕಂಟ್ರೋಲರ್ ಒಳಗೆ ಬಂದದ್ದರ ಅಸಲು ಲಾಭ ಇದ್ದದ್ದು ಇಲ್ಲಿಯೇ, ನಾರ್ತ್‌ಬ್ರಿಡ್ಜಿಗೆ ಹೋಗಿ ಬರುವ ಹೊತ್ತು ಉಳೀತು.

ಅಗಲತಂತಿ:

ಮೇಲಿನ ಎರಡು ಉತ್ತರ ಓದಿದ್ರೆ ಬಸ್ಸು ಲೆಕ್ಕಕ್ಕೇ ಇಲ್ಲ ಅನ್ನೋ ಹಾಗೆ ಅನ್ಸತ್ತೆ, ಅದನ್ನ ನಾನು ಒಪ್ಪಲ್ಲ. ಒಂದೇ ಪ್ರೋಗ್ರಾಮ್ ಓಡ್ಸಿ ನೋಡಿದ್ರೆ ಹಾಗೇ ಕಾಣೋದು, ಹಂಚ್ಕೊಳ್ಳೋರು ಜಾಸ್ತಿ ಆದಾಗ ನೋಡಿ.

ಕೋರ್ 2 ಕ್ವಾಡ್ ಕ್ಯು6600 ತಗೊಳ್ಳಿ. ನಾಲ್ಕು ಕೋರು ಅಂತ ಹೆಸರು, ಒಳಗೆ ಎರಡು ಡ್ಯುಯಲ್ ಕೋರ್ ಚಿಪ್ಪು ಒಂದೇ ಪ್ಯಾಕೇಜಲ್ಲಿ ಕೂರ್ಸಿದ್ರು. ಮೊದಲನೇ ಚಿಪ್ಪಲ್ಲಿರೋ ಕೋರ್ ಬರೆದಿದ್ದು ಎರಡನೇ ಚಿಪ್ಪಿನ ಕೋರಿಗೆ ಬೇಕಂದ್ರೆ ಅದು ಒಳಗಡೆಯಿಂದ ಹೋಗ್ತಿರ್ಲಿಲ್ಲ, ಎಫ್‌ಎಸ್‌ಬಿ ಮೇಲೇ ಬರ್ಬೇಕು. ನಾಲ್ಕೂ ಕೋರಿನ ಮೆಮೊರಿ ಓಡಾಟ, ಜೊತೆಗೆ ಈ ಚಿಪ್ಪಿಂದ ಆ ಚಿಪ್ಪಿಗೆ ಮಾತುಕತೆ, ಎಲ್ಲಾ ಸೇರಿ 1066ರ ಬಸ್ಸು ಅಂದ್ರೆ 8.5 ಜಿಬಿ. ಅಲ್ಲಿ ಬಸ್ಸನ್ನ 1333ಕ್ಕೆ ಏರ್ಸಿದೋರಿಗೆ ಉಪಯೋಗ ಆಗಿದೆ, ಅದರಲ್ಲಿ ಕ್ಲಾಕಿನ ಪಾಲೂ ಇದೆ ಒಪ್ತೀನಿ, ಆದ್ರೆ ಬರೀ ಕ್ಲಾಕಿಂದಲ್ಲ.

ಈಗಿನ ಕಾಲಕ್ಕೆ ಬಂದ್ರೆ ಎಎಮ್‌ಡಿ ರೈಜನ್. 2017ರ ಮೊದಲ ರೈಜನಲ್ಲಿ ನಾಲ್ಕು ನಾಲ್ಕು ಕೋರಿನ ಗುಂಪು, ಅವುಗಳ ಮಧ್ಯೆ ಇನ್ಫಿನಿಟಿ ಫ್ಯಾಬ್ರಿಕ್ ಅನ್ನೋ ಲಿಂಕು, ಅದರ ಕ್ಲಾಕ್ ಮೆಮೊರಿ ಕ್ಲಾಕಿಗೇ ಕಟ್ಟಿತ್ತು. ಡಿಡಿಆರ್4-2133 ಹಾಕಿದ್ರೆ ಫ್ಯಾಬ್ರಿಕ್ 1066ರಲ್ಲಿ ಓಡತ್ತೆ, 3200 ಹಾಕಿದ್ರೆ 1600ರಲ್ಲಿ. ಮೆಮೊರಿ ಬದಲಾಯಿಸಿದ ತಕ್ಷಣ ಗೇಮಲ್ಲಿ ಫ್ರೇಮ್ ರೇಟ್ ಏರ್ತಿತ್ತಲ್ಲ, ಅದಕ್ಕೆ ಮೆಮೊರಿ ಒಂದು ಕಾರಣ ಆದ್ರೆ ಇನ್ನೊಂದು ಫ್ಯಾಬ್ರಿಕ್ಕು. 2020ರ ಝೆನ್ 3 ಪೀಳಿಗೆಯ ರೈಜನಲ್ಲಿ ಎಂಟು ಕೋರನ್ನೂ ಒಂದೇ ಗುಂಪು ಮಾಡಿ 32 ಎಮ್‌ಬಿ ಎಲ್3 ಕ್ಯಾಶನ್ನ ಎಲ್ಲರಿಗೂ ಸೇರ್ಸಿ ಕೊಟ್ಟಿದ್ದು ಸುಮ್ನೆ ಅಲ್ಲ, ಈ ಓಡಾಟ ಕಮ್ಮಿ ಆಗ್ಲಿ ಅಂತಾನೇ.

ಇನ್ನು ಹೊಸಗಣಕ ಅವರಿಗೆ ನೇರವಾಗಿ ತಟ್ಟೋ ವಿಷಯ, ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದಿದೀರ. ಬೇರೆ ಕಾರ್ಡ್ ಇದ್ರೆ ಅದಕ್ಕೆ ಅದರದ್ದೇ ಮೆಮೊರಿ ಇರತ್ತೆ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಪ್ರೊಸೆಸರ್ ತಿನ್ನೋ ಬ್ಯಾಂಡ್‌ವಿಡ್ತಲ್ಲೇ ಪಾಲು ಕೇಳತ್ತೆ. ಗೇಮಲ್ಲಿ ಟೆಕ್ಸ್‌ಚರ್ ಓದೋದು, ಫ್ರೇಮ್ ಬರೆಯೋದು, ಪರದೆಗೆ ಕಳಿಸೋದು, ಪ್ರತಿಯೊಂದಕ್ಕೂ ಮೆಮೊರಿನೇ. ಕ್ಯಾಶ್ ಇಲ್ಲಿ ಅಷ್ಟಾಗಿ ಕೈ ಹಿಡಿಯಲ್ಲ, ಡೇಟಾ ಅಷ್ಟು ದೊಡ್ಡದು. ಹಾಗಾಗಿ ನಿಮ್ಮಂಥ ಮಷೀನಲ್ಲಿ ಮೆಮೊರಿ ಒಂದು ಚಾನೆಲಾ ಎರಡು ಚಾನೆಲಾ ಅನ್ನೋದು ಗೇಮ್ ಆಡಕ್ಕಾಗತ್ತಾ ಇಲ್ವಾ ಅನ್ನೋ ಮಟ್ಟಕ್ಕೆ ಮುಖ್ಯ ಆಗತ್ತೆ.

ಚಿಪ್‌ಸೆಟ್ ಲಿಂಕನ್ನ ಮರೆತುಬಿಡಿ ಅಂದ್ರಲ್ಲ ಹಳೇಬೋರ್ಡು, ಇವರಿಗೆ ಸರಿ, ಎಲ್ಲರಿಗೂ ಅಲ್ಲ. 2015ರ ಇಂಟೆಲ್ ಸ್ಕೈಲೇಕ್ ಡೆಸ್ಕ್‌ಟಾಪಲ್ಲಿ ಅದು 8 ಜಿಟಿ ಆಗಿ 3.9 ಜಿಬಿ ಚಿಲ್ಲರೆಗೆ ಏರ್ತು, ಆದ್ರೂ ಚಿಪ್‌ಸೆಟ್ ಕಡೆ ಎರಡು ಎನ್‌ವಿಎಮ್‌ಇ ಎಸ್‌ಎಸ್‌ಡಿ (ಸಾಟಾದಕ್ಕಿಂತ ತುಂಬಾ ಫಾಸ್ಟ್ ಇರೋದು) ಹಾಕಿ ರೇಡ್ ಮಾಡಿದೋರು (ಎರಡನ್ನೂ ಒಂದೇ ಡಿಸ್ಕಿನ ಥರ ಸೇರ್ಸಿದೋರು) ಅಲ್ಲೇ ತಲೆ ಚಚ್ಕೊಂಡಿದಾರೆ, ಒಂದೊಂದು ಡಿಸ್ಕೂ 3 ಜಿಬಿ ಮೇಲೆ ಓದೋ ತಾಕತ್ತು ಇರೋದು, ಎರಡೂ ಸೇರಿದ್ರೂ ಲಿಂಕ್ ಬಿಟ್ಟಷ್ಟೇ.

ಕ್ಯಾಶ್‌ಮಿಸ್:

ಅಗಲತಂತಿ ಅವರು ಹೇಳಿದ ಗ್ರಾಫಿಕ್ಸ್ ವಿಷಯ ಪೂರ್ತಿ ಒಪ್ಪಿದೆ. ನನ್ನ ವಾದ ಇಷ್ಟೇ, ಕೆಲಸದ ಎಷ್ಟು ಪಾಲು ಮೆಮೊರಿಗೆ ಕಾಯ್ತದೆ ಅಂತ ಮೊದಲು ನೋಡ್ಬೇಕು. 10 ನಿಮಿಷದ ಎಕ್ಸ್‌ಪೋರ್ಟಿನಲ್ಲಿ 1 ನಿಮಿಷ ಕಾಯುವುದಿದ್ರೆ, ಬಸ್ಸನ್ನು ಡಬಲ್ ಮಾಡಿದ್ರೂ ಉಳಿಯುವುದು ಹೆಚ್ಚೆಂದ್ರೆ ಅರ್ಧ ನಿಮಿಷ. ಅದೇ 6 ನಿಮಿಷ ಕಾಯುವುದಿದ್ರೆ 3 ನಿಮಿಷದ ತನಕ ಉಳೀಬಹುದು. ಅದೇ ಮಷೀನ್, ಅದೇ ಬಸ್, ಒಬ್ಬರಿಗೆ ಚಿನ್ನ ಇನ್ನೊಬ್ಬರಿಗೆ ಏನೂ ಇಲ್ಲ. ಇದರಲ್ಲಿ ಮೋಸ ಮಾಡುವ ಒಂದು ವಿಷಯ ಅಂದ್ರೆ ಟಾಸ್ಕ್ ಮ್ಯಾನೇಜರ್. ಪ್ರೊಸೆಸರ್ ಮೆಮೊರಿಗೆ ಕಾಯ್ತಾ ಸುಮ್ಮನೆ ನಿಂತಿದ್ರೂ ಅದು 100 ಪರ್ಸೆಂಟ್ ಬಿಝಿ ಅಂತಲೇ ತೋರಿಸ್ತದೆ, ಹಾಗಾಗಿ ಆ ಗ್ರಾಫ್ ನೋಡಿ ಪ್ರೊಸೆಸರ್ ಸಾಲದು ಅಂತ ತೀರ್ಮಾನಕ್ಕೆ ಬರಬೇಡಿ.

ಹೊಸಗಣಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಅಗಲತಂತಿ ಅವರು ಚಾನೆಲ್ ವಿಷಯ ಹೇಳಿದ ಮೇಲೆ ಲ್ಯಾಪ್‌ಟಾಪ್ ಇರೋರಿಗೆ ಸಿಪಿಯು-ಝಡ್ ಹಾಕಿ ಮೆಮೊರಿ ಟ್ಯಾಬಿನ ಸ್ಕ್ರೀನ್‌ಶಾಟ್ ಕಳ್ಸಿ ಅಂದೆ. 8 ಜಿಬಿ, ಡಿಡಿಆರ್4, ಚಾನೆಲ್ ಜಾಗದಲ್ಲಿ ಸಿಂಗಲ್ ಅಂತಿದೆ, ಡಿರ್ಯಾಮ್ ಫ್ರೀಕ್ವೆನ್ಸಿ 1197 ಮೆಗಾಹರ್ಟ್ಸ್. 2400 ಅಂತ ಹೇಳಿದ್ರು, ಅರ್ಧ ಸ್ಪೀಡಲ್ಲಿ ಓಡ್ತಾ ಇದ್ಯಾ ಅದು? ನನ್ನ ಡೆಸ್ಕ್‌ಟಾಪಲ್ಲಿ ನೋಡ್ದೆ, 4 ಜಿಬಿದು ಎರಡು ಸ್ಟಿಕ್, ಡ್ಯುಯಲ್ ಅಂತಿದೆ, 798 ಮೆಗಾಹರ್ಟ್ಸ್.

ಹಳೇಬೋರ್ಡು:

1197 ಸರಿಯಾಗೇ ಇದೆ. ಡಿಡಿಆರ್ ಮೆಮೊರಿ ಒಂದು ಸೈಕಲ್‌ಗೆ ಎರಡು ಸಲ ಡೇಟಾ ಕೊಡತ್ತೆ, ಸಿಪಿಯು-ಝಡ್ ತೋರ್ಸೋದು ಅಸಲಿ ಕ್ಲಾಕು, ಡಬಲ್ ಮಾಡಿ 2400 ಅಂತ ಓದ್ಕೋಬೇಕು. ನಿಮ್ಮ 798ನೂ ಹಾಗೇ, 1600.

ಆದ್ರೆ ಆ ಸಿಂಗಲ್ ಅನ್ನೋದು ನೋಡಿ. 2400 ಇಂಟು 8 ಬೈಟ್, ಒಂದೇ ಚಾನೆಲ್, 19.2 ಜಿಬಿ. ನಿಮ್ಮ ಹಳೇ ಡೆಸ್ಕ್‌ಟಾಪ್ ಈಗ 25.6 ಜಿಬಿಯಲ್ಲಿ ಇದೆ. ಅಂದ್ರೆ ಆ ಲ್ಯಾಪ್‌ಟಾಪ್ ಈಗಿರೋ ಸ್ಥಿತೀಲಿ ಮೆಮೊರಿ ದಾರಿ ನಿಜವಾಗ್ಲೂ ನಿಮ್ಮ ಹಳೇದಕ್ಕಿಂತ ಕಿರಿದು, ಆ 4 ಜಿಟಿಗೂ ಇದಕ್ಕೂ ಸಂಬಂಧ ಇಲ್ಲ. ತಗೊಳ್ಳೋಕೆ ಮುಂಚೆ ಒಳಗೆ ಎರಡನೇ ಸ್ಲಾಟ್ ಇದ್ಯಾ ಅಂತ ಕೇಳಿ. ಕೆಲವು ತೆಳ್ಳಗಿನ ಮಾಡೆಲಲ್ಲಿ ಮೆಮೊರಿನ ಬೋರ್ಡಿಗೇ ಬೆಸೆದುಬಿಟ್ಟಿರ್ತಾರೆ, ಸ್ಲಾಟೇ ಇರಲ್ಲ, ಅಂಥದ್ದಾದ್ರೆ ಗೇಮ್ ಆಸೆ ಬಿಡ್ಬೇಕು. ಸ್ಲಾಟ್ ಇದ್ರೆ ಇನ್ನೊಂದು 8 ಜಿಬಿ 2400ರದ್ದೇ ಹಾಕಿ, ಕಮ್ಮಿ ಸ್ಪೀಡಿಂದು ಹಾಕಿದ್ರೆ ಎರಡೂ ಆ ಕಮ್ಮಿ ಸ್ಪೀಡಿಗೆ ಇಳಿಯತ್ತೆ. ರಾ ಫೋಟೋಗೆ 16 ಜಿಬಿ ಹೇಗಿದ್ರೂ ಬೇಕು.

ಅಗಲತಂತಿ:

ಇನ್ನೊಂದು ನೋಡ್ಕೊಳ್ಳಿ, 8250ಯು 15 ವ್ಯಾಟಿನ ಚಿಪ್ಪು, ನಿಮ್ಮ 3470 77 ವ್ಯಾಟಿಂದು. ಮೊದಲು ಸ್ವಲ್ಪ ಹೊತ್ತು ಲ್ಯಾಪ್‌ಟಾಪು ಟರ್ಬೋದಲ್ಲಿ ಜೋರಾಗಿ ಓಡಿ ಆಮೇಲೆ ಬಿಸಿಗೆ ಕ್ಲಾಕ್ ಇಳಿಸ್ಕೊಳ್ಳತ್ತೆ, ಎಷ್ಟು ಇಳಿಯತ್ತೆ ಅನ್ನೋದು ಆ ಮಾಡೆಲಿನ ಫ್ಯಾನು, ಹೀಟ್‌ಸಿಂಕ್ ಮೇಲೆ ಹೋಗತ್ತೆ. ಎಂಟು ಥ್ರೆಡ್ (ಒಟ್ಟಿಗೆ ಓಡೋ ಕೆಲಸದ ಸಾಲು) ಇರೋದ್ರಿಂದ ಎಕ್ಸ್‌ಪೋರ್ಟಲ್ಲಿ ಅದರ ಕೈ ಮೇಲಾಗ್ಬಹುದು, ಆದ್ರೆ ನಾಲ್ಕು ಫೋಟೋ ಹಾಕಿ ಟೆಸ್ಟ್ ಮಾಡಿದ್ರೆ ಏನೂ ಗೊತ್ತಾಗಲ್ಲ. ಒಂದು ಪೂರ್ತಿ ಫೋಲ್ಡರ್ ರಾ ಫೈಲ್ ಪೆನ್‌ಡ್ರೈವಲ್ಲಿ ತಗೊಂಡ್ಹೋಗಿ, ಎರಡೂ ಮಷೀನಲ್ಲಿ ಒಳಗಿನ ಡಿಸ್ಕಿಗೆ ಕಾಪಿ ಮಾಡಿ ಅಲ್ಲಿಂದಾನೇ ಎಕ್ಸ್‌ಪೋರ್ಟ್ ಮಾಡಿ, ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕೇ ಇರ್ಲಿ. ಆಗೋ ಟೈಮ್ ಇಲ್ಲಿ ಬರೆದ್ರೆ ಮುಂದಿಂದು ನೋಡೋಣ.

ಹೊಸಗಣಕ:

ಸ್ಲಾಟ್ ಕೇಳ್ದೆ, ಕೆಳಗಿನ ಮುಚ್ಚಳ ಬಿಚ್ಚಿ ಫೋಟೋ ಕಳ್ಸಿದಾರೆ, ಎರಡು ಸ್ಲಾಟ್ ಇದೆ ಒಂದು ಖಾಲಿ. ಶನಿವಾರ ಫೋಲ್ಡರ್ ತಗೊಂಡು ಹೋಗ್ತಾ ಇದೀನಿ, ಒಂದು ಸ್ಟಿಕ್ ಇದ್ದಂಗೇ ಎಕ್ಸ್‌ಪೋರ್ಟೂ ಗೇಮೂ ಎರಡೂ ನೋಡಿ, ಆಮೇಲೆ ಅವರ ಹತ್ರ ಇರೋ ಇನ್ನೊಂದು ಲ್ಯಾಪ್‌ಟಾಪಿನ 2400 ಸ್ಟಿಕ್ ತಾತ್ಕಾಲಿಕವಾಗಿ ಹಾಕಿ ಮತ್ತೆ ಅದನ್ನೇ ಓಡ್ಸಿ ನೋಡ್ತೀನಿ.